ಪ್ಲಾಸ್ಟರ್ ಹಾಕಿದ ಕೈಯಲ್ಲೇ ಕದನ

ಪ್ರಶ್ನೆ: ಪರಮವೀರ ಚಕ್ರ ಶುರುವಾಗಿದ್ದು 1950ರಲ್ಲಿ. ಮೇಜರ್ ಸೋಮನಾಥ ಶರ್ಮಾ ಹುತಾತ್ಮರಾಗಿದ್ದು 1947ರಲ್ಲಿ. ಮೊದಲ ಪದಕ ಅವರಿಗೆ ಹೇಗೆ ಸಿಕ್ಕಿತು?

ಉತ್ತರ: ಪದಕ ಸ್ಥಾಪನೆಯಾಗಿದ್ದು 1950ರ ಜನವರಿ 26ರಂದು. ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಅದನ್ನು ಜಾರಿಗೆ ತಂದರು. ಹಾಗಾಗಿ ಕಾಶ್ಮೀರದಲ್ಲಿ ಹೋರಾಡಿದವರಿಗೂ ಅದು ಸಿಕ್ಕಿತು.

ಶರ್ಮಾ ಅವರ ಕಥೆ ಓದಿದಾಗಲೆಲ್ಲ ನನ್ನ ಕಣ್ಣು ಅವರ ಎಡಗೈ ಮೇಲೇ ನಿಲ್ಲುತ್ತದೆ. ಹಾಕಿ ಆಡುವಾಗ ಪೆಟ್ಟಾಗಿ ಅದಕ್ಕೆ ಪ್ಲಾಸ್ಟರ್ ಹಾಕಿದ್ದರು. ಆರಾಮಾಗಿ ಹಿಂದೆಯೇ ಉಳಿಯಬಹುದಿತ್ತು ಅಲ್ವಾ? ಅವರು ಹಟ ಹಿಡಿದು ಕುಮಾವೂ ರೆಜಿಮೆಂಟಿನ ತಮ್ಮ ಕಂಪನಿ ಜೊತೆ ಹೊರಟರು. ನವೆಂಬರ್ 3ರಂದು ಶ್ರೀನಗರದ ಹತ್ತಿರದ ಬಡಗಾಮ್‌ನಲ್ಲಿ ಪಾಕಿಸ್ತಾನದ ಕಡೆಯಿಂದ ನುಗ್ಗಿದ್ದ ದಾಳಿಕೋರರು ಮುತ್ತಿದರು. ಇವರ ಒಬ್ಬರಿಗೆ ಅವರು ಏಳು ಜನ. ಹಿಂದೆ ಸರಿದರೆ ಶ್ರೀನಗರದ ವಿಮಾನ ನಿಲ್ದಾಣವೇ ಕೈತಪ್ಪುವ ಅಪಾಯ. ಸೈನಿಕರು ಜಾಸ್ತಿ ಸತ್ತು, ಗಾಯಗೊಂಡಾಗ ಮೆಷಿನ್‌ಗನ್ ನಡೆಸುವವರ ನೆರವಿಗೆ ಸಾಕಷ್ಟು ಜನರಿರಲಿಲ್ಲ. ಮೇಜರ್ ಆ ಪ್ಲಾಸ್ಟರ್ ಕೈಯಲ್ಲೇ ಮ್ಯಾಗಝಿನ್‌ಗಳಿಗೆ ಗುಂಡು ತುಂಬಿ ಒಬ್ಬೊಬ್ಬರಿಗೂ ಕೊಡುತ್ತಾ ಹೋದರು. ಪಕ್ಕದಲ್ಲಿದ್ದ ಮದ್ದುಗುಂಡಿನ ಮೇಲೆ ಮಾರ್ಟರ್ ಶೆಲ್ ಬಿದ್ದು ಸಿಡಿಯಿತು. ಆಗ ಅವರಿಗೆ ವಯಸ್ಸು 24. ಅವರ ಕಂಪನಿ ಶತ್ರುವನ್ನು ಆರು ಗಂಟೆ ತಡೆದಿತ್ತು. ಅಷ್ಟರಲ್ಲಿ ನಮ್ಮ ಹೆಚ್ಚುವರಿ ಪಡೆ ಬಂದು ಸೇರಿಕೊಳ್ಳುವುದಕ್ಕೆ ಸಮಯ ಸಿಕ್ಕಿತು.

ಕಂಚಿನ ಆ ಪದಕದಲ್ಲಿ ಇಂದ್ರನ ವಜ್ರಾಯುಧದ ನಾಲ್ಕು ಚಿತ್ರಗಳಿವೆ. ವಿನ್ಯಾಸ ಮಾಡಿದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿದ್ದ ಸಾವಿತ್ರಿ ಖಾನೋಲ್ಕರ್. ಅವರ ಮಗಳು ಸೋಮನಾಥ ಶರ್ಮಾ ಅವರ ತಮ್ಮನ ಹೆಂಡತಿ.