ಅಮ್ಮನಿಗೆ ನರ್ಸ್ ಬೇಕು, ಆದರೆ ಯಾವ ಕೆಲಸಕ್ಕೆ?

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ.)

ಹಾಸನ ಜಿಲ್ಲೆಯ ಹಳ್ಳಿಯೊಂದರ ತಾಯಿ, ವಯಸ್ಸು 58, ಗಂಡ ತೀರಿಕೊಂಡಿದ್ದಾರೆ. ಬೀಡಿ, ಹೊಗೆಸೊಪ್ಪು ಯಾವುದನ್ನೂ ಮುಟ್ಟಿದವರಲ್ಲ. ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆಯ ಹೊಗೆ ಕುಡಿದವರು. ಬಿಡದ ಕೆಮ್ಮಿಗೆ ಮೊದಲು ಟಿ.ಬಿ. ಮಾತ್ರೆ ನಡೆಯಿತು. ಅದರಿಂದ ಹೋಗದಿದ್ದಾಗ ಸಿ.ಟಿ. ಸ್ಕ್ಯಾನ್, ಬಯಾಪ್ಸಿ ಆಗಿ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎದೆ ತೆರೆದು ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು, ಅಂದರೆ ಮೇಲ್ಭಾಗವನ್ನು, ತೆಗೆದರು. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳಿರುತ್ತವೆ, ಎಡಕ್ಕೆ ಎರಡು. ಒಂದು ಹೋದರೂ ಉಳಿದವು ನಿಧಾನವಾಗಿ ಹಿಗ್ಗಿ ಜಾಗ ತುಂಬುತ್ತವೆ, ಆದರೆ ರೋಗಿ ಉಸಿರೆಳೆದು, ಕೆಮ್ಮಿ, ಎದ್ದು ಓಡಾಡಬೇಕು.

ಮಗ, ಸೊಸೆ ಸಲಹೆ ಕೇಳಲು ನನ್ನ ಬಳಿ ಬಂದದ್ದು ಆಪರೇಷನ್ ಆಗಿ ಮೂರನೇ ವಾರದಲ್ಲಿ. ಮಗ ಕೂರುವ ಮೊದಲೇ ಶುರು ಮಾಡಿದರು. "24 ಗಂಟೆ ನರ್ಸ್ ಇಟ್ಟಿದ್ದೀವಿ ಮೇಡಂ, ಆದರೂ ಅಮ್ಮ ದಿನದಿಂದ ದಿನಕ್ಕೆ ಸೊರಗ್ತಿದ್ದಾರೆ. ಇದಕ್ಕಿಂತ ಒಳ್ಳೆ ನರ್ಸ್ ಎಲ್ಲಿ ಸಿಗ್ತಾರೆ ಹೇಳಿ."

ಆ ನರ್ಸ್ ಏನು ಓದಿದ್ದಾರೆ ಎಂದು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಏಜೆನ್ಸಿಯವರು ಕಳಿಸಿದ್ದು ಯೂನಿಫಾರ್ಮ್ ತೊಟ್ಟ ಇಪ್ಪತ್ತರ ಹುಡುಗಿಯನ್ನು, ಮನೆಯವರು ನರ್ಸ್ ಎಂದುಕೊಂಡಿದ್ದರು. ಫೋನಿನಲ್ಲಿ ಅವಳನ್ನೇ ಕೇಳಿದಾಗ, "ನಾನು ಅಟೆಂಡರ್ ಮೇಡಂ, ಪೇಷಂಟ್ ನೋಡ್ಕೊಳ್ಳೋ ಕೆಲಸ ಮಾತ್ರ" ಎಂದು ನೇರವಾಗಿ ಹೇಳಿದಳು. ಅವಳು ಯಾರಿಗೂ ಸುಳ್ಳು ಹೇಳಿರಲಿಲ್ಲ, ಯಾರೂ ಅವಳನ್ನು ಕೇಳಿರಲಿಲ್ಲ, ಅಷ್ಟೇ. ಹಾಸಿಗೆಗೇ ತಿಂಡಿ, ಹಾಸಿಗೆಯಲ್ಲೇ ಮೈ ಒರೆಸುವುದು, ಕೂತರೆ "ಆಯಾಸ ಆಗುತ್ತೆ ಅಜ್ಜಿ, ಮಲಗಿ" ಎನ್ನುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದಳು. ಆದರೆ ಎದೆಯ ಆಪರೇಷನ್ ಆದವರನ್ನು ದಿನವಿಡೀ ಮಲಗಿಸಿದರೆ ಕಫ ಕಟ್ಟಿಕೊಳ್ಳುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಉಸಿರೆಳೆದು ಗುಂಡುಗಳನ್ನು ಮೇಲೇರಿಸಿ ಶ್ವಾಸಕೋಶಕ್ಕೆ ವ್ಯಾಯಾಮ ಕೊಡಲು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಮೂರು ಗುಂಡಿನ ಸ್ಪೈರೋಮೀಟರ್ ಬೀರುವಿನ ಮೇಲೆ ಕೂತಿತ್ತು.

ಮುಂದಿನ ಭೇಟಿಗೆ ತಾಯಿಯನ್ನು ಕರೆತರಲು ಹೇಳಿದೆ. ಅವರೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ. ಮಗನ ಹಳೇ ಷರಟು ಹಾಕಿಕೊಂಡು, ಮೇಲೆ ಸೆರಗು ಹೊದ್ದು ಬಂದಿದ್ದರು. ಬಲಗೈ ಎತ್ತಲು ಆಗದೆ ರವಿಕೆ ತೊಡಲಾಗುತ್ತಿರಲಿಲ್ಲ. ಹೊರಗೆ ಬರಲು, ನೆಂಟರ ಮುಂದೆ ಕೂರಲು ಅವರಿಗೆ ಇದ್ದ ಅಡ್ಡಿ ಅದೇ. ಮಗನಿಗೆ ಹೇಳುವಂಥದ್ದಲ್ಲ, ಸೊಸೆಗೆ ಹೇಳಲು ಸಂಕೋಚ, ಆ ಹುಡುಗಿ ಹೊರಗಿನವಳು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ ಹೇಳಿದರು: "ಎದೆ ಕೆಳಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರೀತದೆ ಕಣಮ್ಮಾ. ಮುಟ್ಟಿದ್ರೆ ಜೋಮು. ಅದು ಮತ್ತೆ ಬಂತು ಅಂತ್ಲೇ ಅಲ್ವಾ?"

ಮೂರು ವಾರ ಆ ಪ್ರಶ್ನೆಯನ್ನು ಒಬ್ಬರೇ ಹೊತ್ತಿದ್ದರು. ಸರ್ಜನ್ ಹತ್ತಿರ ಕರೆದುಕೊಂಡು ಹೋದೆ. ಪಕ್ಕೆಲುಬುಗಳ ಸಂದಿನಲ್ಲಿ ನರಗಳು ಹಾದುಹೋಗುತ್ತವೆ. ಎದೆ ತೆರೆಯುವಾಗ ಅವಕ್ಕೆ ಪೆಟ್ಟಾಗುವುದು ಸಾಮಾನ್ಯ, ಆ ಉರಿ ಮತ್ತು ಜೋಮು ಅದರದ್ದೇ ಎಂದು ಪರೀಕ್ಷಿಸಿ ಹೇಳಿದರು. ಕೆಲವರಿಗೆ ಇದು ತಿಂಗಳುಗಟ್ಟಲೆ ಇರುತ್ತದೆ, ನರದ ನೋವಿಗೆ ಬೇರೆಯದೇ ಮಾತ್ರೆಗಳಿವೆ. ಇವರಿಗೆ ಅದನ್ನು ಶುರು ಮಾಡಿದರು. ನೋವು ತಡೆದುಕೊಳ್ಳುವುದು ದೊಡ್ಡಸ್ತಿಕೆ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿದೆ. ಈ ಆಪರೇಷನ್ ನಂತರ ನೋವು ನುಂಗಿದವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದೂ ಇಲ್ಲ, ಅಲ್ಲಿಂದಲೇ ತೊಂದರೆ ಹುಟ್ಟುತ್ತದೆ.

ಕೆಮ್ಮಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ ಎಂಬ ಭಯವೂ ಅವರಿಗಿತ್ತು. ದಿಂಬೊಂದನ್ನು ಗಾಯದ ಮೇಲೆ ತಬ್ಬಿ ಒತ್ತಿಕೊಂಡು ಕೆಮ್ಮುವುದನ್ನು ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟರು. ರವಿಕೆಯದ್ದನ್ನು ನಾನೇ ಹೇಳಿದೆ: ಮೊದಲು ಆಪರೇಷನ್ ಆದ ಕಡೆಯ ಕೈ ತೋಳಿಗೆ ಹಾಕಬೇಕು, ಬಿಚ್ಚುವಾಗ ಆ ಕೈ ಕೊನೆಗೆ. ಸಡಿಲ ತೋಳಿನ, ಮೆತ್ತನೆ ಹತ್ತಿಯ, ಮುಂದೆ ಗುಂಡಿಯಿರುವ ರವಿಕೆ ಎರಡು ಹೊಲಿಸಿದರೆ ಸಾಕು. ಬಲಗೈಯನ್ನು ಗೋಡೆಯ ಮೇಲೆ ಬೆರಳುಗಳಿಂದ ಹತ್ತಿಸುವ ವ್ಯಾಯಾಮ ದಿನಾ ಮಾಡದಿದ್ದರೆ ಭುಜ ಹಿಡಿದುಕೊಂಡುಬಿಡುತ್ತದೆ.

ಆಮೇಲೆ ಮಗ, ಸೊಸೆಯನ್ನು ಒಳಗೆ ಕರೆದೆ. "ನರ್ಸ್ ಬದಲಿಸುವ ಮೊದಲು, ಬೆಳಗ್ಗೆಯಿಂದ ರಾತ್ರಿವರೆಗೆ ಅಮ್ಮನಿಗೆ ಏನೇನು ಬೇಕು ಅಂತ ಅಮ್ಮನ ಬಾಯಲ್ಲೇ ಕೇಳಿ ಬರೆಯಿರಿ" ಎಂದೆ. ಬರೆದು ನೋಡಿದರೆ, ನಿಜವಾದ ನರ್ಸ್ ಬೇಕಾದ ಕೆಲಸ ಎರಡೇ: ಎದೆಗೆ ಕೊಳವೆ ಹಾಕಿದ್ದ ಜಾಗದ ಡ್ರೆಸ್ಸಿಂಗ್, ಮತ್ತು ವಾರಕ್ಕೊಮ್ಮೆ ಗಾಯವನ್ನೂ ರಕ್ತದ ಆಮ್ಲಜನಕದ ಮಟ್ಟವನ್ನೂ ನೋಡುವುದು. ಅದಕ್ಕೆ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾದವರು ಭೇಟಿಯ ಲೆಕ್ಕದಲ್ಲಿ ಬಂದುಹೋದರೆ ಸಾಕು. ನೋಂದಣಿ ಸಂಖ್ಯೆ ಕೇಳಲು ಹಿಂಜರಿಯಬೇಡಿ, ಓದಿದವರು ಅದಕ್ಕೆ ಬೇಸರ ಪಡುವುದಿಲ್ಲ. ಉಳಿದದ್ದೆಲ್ಲ ಅಟೆಂಡರ್ ಹುಡುಗಿ ಮಾಡಬಹುದಾದ ಕೆಲಸ, ಅವಳಿಗೆ ಯಾರಾದರೂ ಕಲಿಸಬೇಕಿತ್ತು. ಫಿಸಿಯೋಥೆರಪಿ ದಿನ ಅವಳೂ ಜೊತೆಗೆ ಬಂದು ಕೂತಳು, ಬೇಗ ಕಲಿತಳು. ಎದ್ದಿರುವಷ್ಟೂ ಹೊತ್ತು ಗಂಟೆಗೊಮ್ಮೆ ಸ್ಪೈರೋಮೀಟರ್, ನೋವಿನ ಮಾತ್ರೆ ನುಂಗಿ ಅರ್ಧ ಮುಕ್ಕಾಲು ಗಂಟೆಗೆ ವ್ಯಾಯಾಮ, ಊಟ ಕುರ್ಚಿಯಲ್ಲಿ, ಸಂಜೆ ಮನೆ ಮುಂದಿನ ರಸ್ತೆಯಲ್ಲಿ ನಡಿಗೆ.

ಅವಳ ಬಗ್ಗೆಯೂ ಹೇಳಬೇಕು. 24 ಗಂಟೆ ಎಂದು ದುಡ್ಡು ಕೊಟ್ಟ ಮಾತ್ರಕ್ಕೆ ಒಬ್ಬ ಮನುಷ್ಯೆ 24 ಗಂಟೆ ಎಚ್ಚರ ಇರಲಾರಳು. ಅಡುಗೆಮನೆ ನೆಲದಲ್ಲಿ ಮಲಗಿ, ರಾತ್ರಿ ಮೂರು ಸಲ ಎದ್ದು, ಹಗಲು ತೂಕಡಿಸುತ್ತಿದ್ದಳು. ರಾತ್ರಿ ಮಗ ನೋಡಿಕೊಳ್ಳಲಿ, ಭಾನುವಾರ ಅವಳಿಗೆ ರಜೆ, ಮಲಗಲು ಮಂಚ, ಹೊತ್ತಿಗೆ ಊಟ, ಇವನ್ನು ಏಜೆನ್ಸಿಯ ಕರಾರಿನಲ್ಲಿ ಬರೆಸಿ ಎಂದು ಒತ್ತಾಯಿಸಿದೆ. ಪೊಲೀಸ್ ಪರಿಶೀಲನೆ ಆಗಿದೆಯೇ, ಅವಳು ಬಾರದ ದಿನ ಬದಲಿಗೆ ಯಾರು ಬರುತ್ತಾರೆ ಎಂಬುದನ್ನೂ.

ದುಡ್ಡಿನ ಮಾತೂ ಬಂತು. ಬಿ.ಪಿ.ಎಲ್. ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಮನೆಯ ಅಟೆಂಡರ್ ಸಂಬಳ ಅದರಲ್ಲಿ ಬರುವುದಿಲ್ಲ. ಅವಳಿಗೆ ರಾತ್ರಿ ಕೆಲಸ ಬಿಡಿಸಿದ್ದರಿಂದ ಆ ಖರ್ಚು ಇಳಿಯಿತು. "ಕರುಣಾಶ್ರಯದಲ್ಲಿ ಉಚಿತ ಅಂತಾರಲ್ಲ, ಸ್ವಲ್ಪ ದಿನ ಅಲ್ಲಿ ಬಿಡಬಹುದಾ?" ಎಂದು ಮಗ ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಅದು ಗುಣಪಡಿಸುವ ಚಿಕಿತ್ಸೆ ಮುಗಿದ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗಾಗಿ ಬೆಂಗಳೂರಿನಲ್ಲಿರುವ ಜಾಗ, ಅಮ್ಮ ಗುಣವಾಗುವ ದಾರಿಯಲ್ಲಿದ್ದಾರೆ ಎಂದು ವಿವರಿಸಿದೆ. ಅವರ ಮುಖದ ಬಿಗಿ ಸಡಿಲಾದದ್ದು ಆಗಲೇ. ಇವರಿಗೆ ಬೇಕಾದದ್ದು ಆಸ್ಪತ್ರೆಯ ನೋವು ನಿವಾರಣಾ ಒ.ಪಿ.ಡಿ., ಅಲ್ಲಿಗೆ ಚಿಕಿತ್ಸೆಯ ಯಾವ ಹಂತದಲ್ಲಾದರೂ ಹೋಗಬಹುದು.

ದಾವಣಗೆರೆಯಲ್ಲಿರುವ ಮಗಳದು ಬೇರೆಯೇ ಸಂಕಟ. "ಅಮ್ಮನ್ನ ಕೂಲಿಯವಳ ಕೈಗೆ ಕೊಟ್ಟಿದ್ದೀರಾ" ಎಂದು ಫೋನಿನಲ್ಲಿ ಅಣ್ಣ ಅತ್ತಿಗೆಯ ಮೇಲೆ ದಿನಾ ಹಾಯುತ್ತಿದ್ದರು. ಕೆಲಸವಿಲ್ಲದ ಪ್ರೀತಿ ಹೀಗೆ ಜಗಳವಾಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವರಿಗೂ ಒಂದು ಕೆಲಸ ವಹಿಸಿದೆ: ಬೆಳಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ವಿಡಿಯೋ ಕಾಲ್ ಮಾಡಿ ಅಮ್ಮ ಸ್ಪೈರೋಮೀಟರಿನ ಗುಂಡುಗಳನ್ನು ಏರಿಸುವವರೆಗೂ ಜೊತೆಗಿರಬೇಕು. ಸೊಸೆಗೆ ಹೇಳಿದ್ದು ಇಷ್ಟೇ, "ಸ್ನಾನ ಆ ಹುಡುಗಿ ಮಾಡಿಸಲಿ, ನೀವು ರಾತ್ರಿ ಹತ್ತು ನಿಮಿಷ ಅತ್ತೆಯ ತಲೆ ಬಾಚಿ." ಅವರು ಅಲ್ಲೇ ಅತ್ತುಬಿಟ್ಟರು. ಮನೆಯವರಿಗೆ ತಡೆಯಲಾರದಷ್ಟು ಆದಾಗ ಕನ್ನಡದಲ್ಲೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ ಎಂದು ಬರೆದುಕೊಟ್ಟೆ. ದಿಢೀರ್ ಉಸಿರುಕಟ್ಟು, ಕಫದಲ್ಲಿ ರಕ್ತ, ಒಂದು ಮೀನಖಂಡ ಮಾತ್ರ ಊದುವುದು, ಗಾಯದಲ್ಲಿ ಕೀವು, ಜ್ವರ: ಇವುಗಳಲ್ಲಿ ಯಾವುದು ಕಂಡರೂ ನನಗೆ ಫೋನ್ ಮಾಡುತ್ತಾ ಕೂರಬಾರದು, ನೇರ ಆಸ್ಪತ್ರೆಗೆ ಅಥವಾ 108ಕ್ಕೆ.

ತಿಂಗಳಾದ ಮೇಲೆ ಬಂದಾಗ ಹಸಿರು ಹತ್ತಿ ರವಿಕೆ ತೊಟ್ಟಿದ್ದರು. ಉರಿ ಪೂರ್ತಿ ಹೋಗಿಲ್ಲ, ನಿದ್ದೆ ಬರುತ್ತಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಇದೆ, ಅದಕ್ಕಿನ್ನೂ ಕೆಲವು ತಿಂಗಳು ಬೇಕು. ಆಪರೇಷನ್‌ನಲ್ಲಿ ತೆಗೆದ ಹಾಲೆಯ ಬಯಾಪ್ಸಿ ವರದಿ ನೋಡಿ ಡಾಕ್ಟರು ಕಿಮೋಥೆರಪಿ ಹೇಳಿದ್ದಾರೆ. ಕಿಮೋ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು, ಹಾಗಾಗಿ ಹೊಸ ಪಟ್ಟಿ ಬರೆದಿದ್ದೇವೆ. ಮೊದಲ ಸುತ್ತಿನ ವಾರ ಮಗಳು ದಾವಣಗೆರೆಯಿಂದ ಬಂದಿರುತ್ತಾರೆ. ಅಟೆಂಡರ್ ಹುಡುಗಿ ಮುಂದುವರಿಯಲು ಒಪ್ಪಿದ್ದಾಳೆ, ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದು ಅವಳ ಪಾಲಿಗೆ ಬಂದಿದೆ.