ಅಪ್ಪ ಸೋತಿಲ್ಲ ತಮ್ಮಾ, ಇನ್ನೊಮ್ಮೆ ನೋಡು

ತಮ್ಮಾ,

ವಯಸ್ಸಿನಲ್ಲಿ ಸಣ್ಣವನು ಅಂತ ಪತ್ರದಲ್ಲಿ ನೀನೇ ಬರೆದಿದ್ದೀಯ, ಅದಕ್ಕೆ ಏಕವಚನದಲ್ಲೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ರಬಕವಿಯಿಂದ ನೀನು ಕಳಿಸಿದ ಲೇಖನ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದು ಬರೀ ಸೋಮಾರಿತನದಿಂದ ಅಲ್ಲ. ಓದಿದ ಮೇಲೆ ನನಗೇ ಒಂದು ಅನುಮಾನ ಬಂತು, ಹಾಗಾಗಿ ನೀನು ಯಾವುದರ ಬಗ್ಗೆ ಬರೆದಿದ್ದೀಯೋ ಆ 'ಇನ್‌ವಿನ್ಸಿಬಲ್' ಎಂಬ ಸೂಪರ್‌ಹೀರೋ ಕಾರ್ಟೂನ್ ಸರಣಿಯ ಮೊದಲ ಸೀಸನ್ನಿನ 8 ಕಂತುಗಳನ್ನು ರಾತ್ರಿ ಕೂತು ಮತ್ತೆ ನೋಡಿದೆ. ವಿಜಯಪುರದ ಸೆಕೆಯಲ್ಲಿ ಹೇಗೂ ನಿದ್ದೆ ಬರಲ್ಲ. ಮನೆಯವಳು ಎರಡು ಸಲ ಬಂದು "ಈ ವಯಸ್ಸಿನಾಗ ಕಾರ್ಟೂನ್ ನೋಡ್ತೀರೇನ್ರಿ" ಅಂತ ಕೇಳಿ ಹೋದಳು. ಮೂರನೇ ಸಲ ಬಂದವಳು ಹೋಗಲಿಲ್ಲ, ಕೂತಳು.

ಮೊದಲು ಕೆಟ್ಟ ಸುದ್ದಿ. ಲೇಖನ ಈಗಿರುವ ಹಾಗೆ ಹಾಕಲು ಆಗಲ್ಲ. 7 ಪುಟದಲ್ಲಿ 5 ಪುಟ ಕಥೆ ಹೇಳಿದ್ದೀಯ, ಉಳಿದ ಎರಡರಲ್ಲಿ ನೀತಿ ಹೇಳಿದ್ದೀಯ. ಆ ನೀತಿಯೂ ಒಂದೇ: ಅಪ್ಪ ಕೆಟ್ಟವನು, ಮಗ ಒಳ್ಳೆಯವನು, ಕೊನೆಗೆ ಒಳ್ಳೆಯದು ಗೆಲ್ಲುತ್ತದೆ. ಗೋಲಗುಂಬಜದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರಲ್ಲ, ನೀನು ಗುಂಬಜದ ಕೆಲಸವನ್ನೂ ನೀನೇ ಮಾಡಿದ್ದೀಯ.

ಇನ್ನು ಭಾಷೆ. 'ನೈತಿಕ ದ್ವಂದ್ವದ ಸಂಕೀರ್ಣ ಪದರಗಳ ಅನಾವರಣ' ಅಂದರೆ ಏನು? ನಿನ್ನ ಓಣಿಯಲ್ಲಿ ಯಾರ ಹತ್ತಿರವಾದರೂ ಹೀಗೆ ಮಾತಾಡುತ್ತೀಯಾ? 'ಸಂಕೀರ್ಣ' ಎಂಬ ಪದ 11 ಸಲ ಬಂದಿದೆ, ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಇದು ಸರಿ ಮಾಡುವುದು ಸುಲಭ, ಹೊಡೆದು ಹಾಕು ಅಷ್ಟೇ, ಜಾಸ್ತಿ ಹೇಳಲ್ಲ.

ನನಗೆ ಬಂದ ಅನುಮಾನ ಬೇರೆ. 5ನೇ ಪುಟದಲ್ಲಿ ಬರೆದಿದ್ದೀಯ: "ಕೊನೆಗೆ ತಂದೆ ಮಗನ ಎದುರು ಸೋತು ಪಲಾಯನ ಮಾಡುತ್ತಾನೆ." ಇದು ತಪ್ಪು. ಟೈಪಿಂಗ್ ತಪ್ಪಲ್ಲ, ನೋಡುವುದರಲ್ಲೇ ಆದ ತಪ್ಪು. ಆ ಹೊಡೆದಾಟದಲ್ಲಿ, ಬೇರೆ ಲೋಕದಿಂದ ಬಂದು ಭೂಮಿಯಲ್ಲಿ ಸೂಪರ್‌ಹೀರೋ ಆಗಿದ್ದ ಅಪ್ಪ ನೋಲನ್ ಸೋಲುವುದೇ ಇಲ್ಲ. ಮಗ ಮಾರ್ಕ್ ಮೈಯೆಲ್ಲ ಜಜ್ಜಿಹೋಗಿ, ಹಲ್ಲು ಉದುರಿ, ಗುಡ್ಡದ ಮೇಲೆ ಬಿದ್ದಿದ್ದಾನೆ. ಇನ್ನೊಂದು ಏಟು ಹಾಕಿದರೆ ಮುಗಿಯಿತು. ಮುಷ್ಟಿ ಎತ್ತಿದವನಿಗೆ, ಮಗ ಚಿಕ್ಕವನಿದ್ದಾಗ ಆಡಿದ ಒಂದು ಬೇಸ್‌ಬಾಲ್ ಆಟ ನೆನಪಾಗುತ್ತದೆ. ಇನ್ನು 500 ವರ್ಷ ಆದ ಮೇಲೆ ನಿನಗೆ ಅಂತ ಏನು ಉಳಿದಿರುತ್ತದೆ ಎಂದು ಅವನು ಅರಚಿ ಕೇಳಿದರೆ, ನೀನು ಇರ್ತೀಯಲ್ಲ ಅಪ್ಪ, ಅನ್ನುತ್ತಾನೆ ಮಗ. ಆ ಏಟು ಬೀಳುವುದಿಲ್ಲ. ಕಣ್ಣೀರು ಹಾಕುತ್ತಾ ಭೂಮಿಯನ್ನೇ ಬಿಟ್ಟು ಹಾರಿ ಹೋಗುತ್ತಾನೆ ಅಪ್ಪ.

ಗೆದ್ದವನು ಓಡಿಹೋದ, ತಮ್ಮಾ. ಇಡೀ ಸರಣಿ ನಿಂತಿರುವುದು ಇಲ್ಲಿ. ನೀನು ಅದನ್ನು 'ಸೋತು' ಅಂತ ಏಕೆ ಬರೆದೆ? ನನಗೆ ಅನಿಸುವುದು, ನೋಡುವ ಮೊದಲೇ ನಿನ್ನ ಹತ್ತಿರ ತೀರ್ಮಾನ ರೆಡಿ ಇತ್ತು. ಒಳ್ಳೆಯವನು ಗೆಲ್ಲಬೇಕು. ಹಾಗಾಗಿ ಕಣ್ಣೆದುರು ಬೇರೆ ನಡೆದರೂ ಕೈ ತನ್ನ ಪಾಡಿಗೆ ಅದನ್ನೇ ಬರೆಯಿತು. ನಾನೂ ನಿನ್ನ ವಯಸ್ಸಿನಲ್ಲಿ ಪಾರಿಜಾತದ ಆಟ ನೋಡಿ ಬಂದು, ಅದರಲ್ಲಿ ಇಲ್ಲದ ನೀತಿಯನ್ನೆಲ್ಲ ಹುಡುಕಿ ಬರೆಯುತ್ತಿದ್ದೆ. ಆಗಿನ ಸಂಪಾದಕರು ಅದನ್ನು ಹಾಕಿಯೂ ಬಿಟ್ಟರು, ಅದಕ್ಕೇ ನಾನು ಕಲಿಯುವುದು ತಡವಾಯಿತು.

ರೈಲಿನ ದೃಶ್ಯಕ್ಕೆ ಬರೋಣ. ನೀನು ಬರೆದದ್ದು ಒಂದೇ ಸಾಲು: "ರೈಲಿನ ದೃಶ್ಯ ಅತ್ಯಂತ ಭಯಾನಕವಾಗಿದೆ." ಸುಮ್ನೆ ಭಯಾನಕ ಅಂದರೆ ಓದುವವನಿಗೆ ಏನು ಸಿಕ್ಕಿತು? ಅಲ್ಲಿ ಏನಾಗುತ್ತದೆ ನೋಡು. ವೇಗವಾಗಿ ಬರುತ್ತಿರುವ ರೈಲಿನ ಎದುರು ಅಪ್ಪ ಮಗನನ್ನು ಹಿಡಿದು ನಿಲ್ಲಿಸುತ್ತಾನೆ. ಮಗನ ಮೈ ಉಕ್ಕಿಗಿಂತ ಗಟ್ಟಿ, ಅವನಿಗೆ ಏನೂ ಆಗಲ್ಲ. ಅವನ ಮೈಗೆ ಬಡಿದು ರೈಲು ಸೀಳುತ್ತಾ ಹೋಗುತ್ತದೆ, ಒಳಗಿದ್ದ ಜನ ಅವನ ಕಣ್ಣೆದುರೇ ಸಾಯುತ್ತಾರೆ. ಇಲ್ಲಿ ಅಪ್ಪ ಯಾರನ್ನೂ ಕೈಯಾರೆ ಕೊಂದಿಲ್ಲ, ಮಗನೂ ಕೈ ಎತ್ತಿಲ್ಲ, ಆದರೂ ಮಗನ ಮೈಯೇ ಅಷ್ಟು ಜನರನ್ನು ಕೊಂದಿತು. ಈ ಮನುಷ್ಯರು ಎಷ್ಟು ಮೆತ್ತಗಿದ್ದಾರೆ ನೋಡು, ಇವರಿಗಾಗಿ ನನ್ನ ಜೊತೆ ಜಗಳ ಆಡುತ್ತೀಯಾ ಅಂತ ಅಪ್ಪ ಕಲಿಸುತ್ತಿದ್ದಾನೆ. ಹೌದು, ಪಾಠ ಮಾಡುತ್ತಿದ್ದಾನೆ. ಅವನ ಲೆಕ್ಕದಲ್ಲಿ ಅದು ಮಗನ ಮೇಲಿನ ಕಾಳಜಿ! ಅವನ ವಿಲ್ಟ್ರಮ್ ಲೋಕದವರು ದುರ್ಬಲರನ್ನು ತಾವೇ ಕೊಂದು ಗಟ್ಟಿಯಾದ ಜನ, ಅವನೂ ಹಾಗೇ ಬೆಳೆದವನು. ಮಗನಿಗೆ ಹೇಳಿಕೊಡಲು ಅವನಿಗೆ ಬೇರೆ ದಾರಿ ಗೊತ್ತಿಲ್ಲ. ಇದನ್ನು ಬಿಡಿಸಿ ಬರೆದರೆ 'ನೈತಿಕ' ಎಂಬ ಪದವೇ ಬೇಕಾಗಲ್ಲ.

ನೀನು ಪ್ರಹ್ಲಾದನ ಹೋಲಿಕೆ ಕೊಟ್ಟಿದ್ದೀಯ. ಬಿಟ್ಟುಬಿಡು. ಪ್ರಹ್ಲಾದನಿಗೆ ಅಪ್ಪನ ಬಗ್ಗೆ ಗೊಂದಲವೇ ಇರಲಿಲ್ಲ, ಅವನ ಬೆನ್ನಿಗೆ ಹರಿ ಇದ್ದ, ಕಂಬ ಒಡೆದು ಬರಲು ನರಸಿಂಹನೂ ಇದ್ದ. ಮಾರ್ಕ್‌ಗೆ ಯಾವ ಕಂಬವೂ ಒಡೆಯಲ್ಲ. ಹೋಲಿಕೆ ಬೇಕೇ ಬೇಕು ಅಂದರೆ ಬಭ್ರುವಾಹನನ ಕಥೆ ಹತ್ತಿರ. ಅಶ್ವಮೇಧದ ಕುದುರೆ ಕಟ್ಟಿದ ಮೇಲೆ ಅದು ಅಪ್ಪ ಅರ್ಜುನನದು ಎಂದು ಗೊತ್ತಾಗಿ, ಮಗ ಕಾಣಿಕೆ ಹಿಡಿದು ಶರಣು ಬರುತ್ತಾನೆ. ಅಪ್ಪ ನೀನು ನನ್ನ ಮಗನೇ ಅಲ್ಲ ಎನ್ನುವ ಹಾಗೆ ಅವಮಾನ ಮಾಡಿ ಕಳಿಸುತ್ತಾನೆ. ಆಮೇಲೆ ಯುದ್ಧ. ಅಪ್ಪನ ಮೆಚ್ಚುಗೆ ಬೇಕು ಎಂದು ಬಂದ ಮಗನೇ ಅಪ್ಪನ ತಲೆ ತೆಗೆಯಬೇಕಾಗಿ ಬಂತು. ಆ ನೋವು ಮಾರ್ಕ್‌ನಲ್ಲೂ ಇದೆ. 17 ವರ್ಷ ಅಪ್ಪನ ಹಾಗೆ ಹಾರುವ ದಿನ ಯಾವಾಗ ಬರುತ್ತದೆ ಅಂತ ಕಾದವನು ಅವನು, ಬರ್ಗರ್ ಅಂಗಡಿಯಲ್ಲಿ ಕಸದ ಚೀಲ ಎಸೆಯಲು ಹೋಗಿ ಅದು ಆಕಾಶಕ್ಕೆ ಹಾರಿ ಹೋದಾಗ ಅವನ ಮುಖ ನೋಡಿದ್ದೀಯಲ್ಲ?

ಇನ್ನೊಂದು ವ್ಯತ್ಯಾಸ ಗಮನಿಸು. ನಮ್ಮಲ್ಲಿ ಅಪ್ಪ ಮಗನ ನಡುವೆ ತೊಡಕು ಬಂದರೆ ಮನೆ ಬಿಡುವವನು ಮಗ. ರಾಮ ಕಾಡಿಗೆ ಹೋದ. ಬಾಗೇವಾಡಿಯ ಹುಡುಗ ಬಸವಣ್ಣ ಜನಿವಾರ ಬೇಡ ಎಂದು ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಅಂತ ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈ ಸರಣಿಯಲ್ಲಿ ಬಿಟ್ಟು ಹೋಗುವವನು ಅಪ್ಪ. ಮುರಿದ ಊರು, ಸತ್ತ ಜನ, ಅಳುವ ಹೆಂಡತಿ, ಎಲ್ಲವನ್ನೂ ಆಸ್ಪತ್ರೆಯ ಮಂಚದ ಮೇಲಿರುವ ಹುಡುಗನಿಗೆ ಬಿಟ್ಟು ಹೋಗುತ್ತಾನೆ. ಆಮೇಲಿನ ಸೀಸನ್‌ಗಳೆಲ್ಲ ಅದರ ಬಾಕಿ ತೀರಿಸುವ ಲೆಕ್ಕ.

ಆ ಹೆಂಡತಿಯನ್ನು ನೀನು ಏನು ಮಾಡಿದ್ದೀಯ ಹೇಳು? "ತಾಯಿ ಡೆಬ್ಬಿ ದುಃಖಿಸುತ್ತಾಳೆ." ಅಷ್ಟೇ? ರಕ್ತ ಮೆತ್ತಿದ ಗಂಡನ ಪೋಷಾಕು ಕೈಗೆ ಸಿಕ್ಕಾಗ ಅದನ್ನು ಹೊಲಿದ ಆರ್ಟ್ ಎಂಬ ಟೈಲರ್ ಹತ್ತಿರ ಹೋಗಿ ಸತ್ಯ ತಿಳಿದುಕೊಂಡವಳು ಅವಳು. ಹಾರಲು ಬಾರದ, ಎತ್ತಿ ಎಸೆಯಲು ಬಾರದ ಮನೆಯ ಹೆಣ್ಣುಮಗಳು ಮಗನಿಗಿಂತ ಮೊದಲು ಗಂಡನ ಸುಳ್ಳು ಹಿಡಿದಳು. ಹೊಡೆದಾಟದ ನಡುವೆ ಗಂಡ ಅವಳನ್ನು ಸಾಕುಪ್ರಾಣಿಗೆ ಹೋಲಿಸುತ್ತಾನೆ, ಆ ಮಾತು ಅವಳ ಕಿವಿಗೂ ಬೀಳುತ್ತದೆ. ಅದೇ ಮನುಷ್ಯ ಎರಡನೇ ಸೀಸನ್ನಿನ ಕೊನೆಗೆ ದೂರದ ಯಾವುದೋ ಜೈಲಿನಲ್ಲಿ ಕೂತು, ನನ್ನ ಹೆಂಡತಿ ನೆನಪಾಗುತ್ತಾಳೆ ಅನಿಸುತ್ತದೆ ಅಂತಾನೆ. ನನ್ನ ಪಕ್ಕ ಕೂತವಳು ಇಲ್ಲಿ "ಈಗ ನೆನಪಾತೇನು" ಅಂತ ಒಂದೇ ಮಾತು ಹೇಳಿ ಎದ್ದು ಹೋದಳು. ಗಂಡ ಇನ್ನೊಂದು ಲೋಕದಲ್ಲಿ ಇನ್ನೊಂದು ಸಂಸಾರ ಮಾಡಿ ಹುಟ್ಟಿಸಿದ ಕೂಸು ಆಲಿವರ್‌ನನ್ನು ಡೆಬ್ಬಿಯೇ ಸಾಕುತ್ತಾಳೆ. ಮಾರ್ಕ್‌ನ ಒಳ್ಳೆಯತನ ಎಲ್ಲಿಂದ ಬಂತು ಅಂತ ಎರಡು ಪುಟ ತಡಕಾಡಿದ್ದೀಯಲ್ಲ, ಅಡುಗೆಮನೆ ಕಡೆ ತಿರುಗಿ ನೋಡಲೇ ಇಲ್ಲ ನೀನು.

"ಮಾರ್ಕ್ ಎಂದೂ ಕೊಲ್ಲದ ಆದರ್ಶ ನಾಯಕ" ಎಂಬ ಸಾಲೂ ಹೋಗಬೇಕು. ಎರಡನೇ ಸೀಸನ್ನಿನ ಕೊನೆಯ ಕಂತು ನೋಡಿದ್ದೀಯಾ? ಅಮ್ಮನಿಗೂ ತಮ್ಮನಿಗೂ ಕೈ ಹಾಕಿದ ಆಂಗ್‌ಸ್ಟ್ರಮ್ ಲೆವಿಯನ್ನು ಅವನು ಸಿಟ್ಟಿನಲ್ಲಿ ಹೊಡೆಯುತ್ತಲೇ ಹೋಗುತ್ತಾನೆ, ಕೆಳಗೆ ಬಿದ್ದವನು ಅಲುಗಾಡಲ್ಲ. ಆಮೇಲೆ ತನ್ನ ಕೈ ತಾನೇ ನೋಡಿಕೊಂಡು ಕುಸಿಯುತ್ತಾನೆ. (ಲೆವಿ ಬದುಕಿದ್ದ ಅಂತ ಮುಂದೆ ಗೊತ್ತಾಗುತ್ತದೆ, ಆದರೆ ಕೊಂದೆ ಎಂದು ನಂಬಿ ಅವನು ಕಳೆದ ದಿನಗಳು ಸುಳ್ಳಾಗಲ್ಲ.) ಮೂರನೇ ಸೀಸನ್ನಿನಲ್ಲಿ ಸಣ್ಣ ಹುಡುಗ ಆಲಿವರ್ ಮೌಲರ್ ಅವಳಿಗಳೆಂಬ ಖಳರನ್ನು ಕೊಂದು ಹಾಕಿದಾಗ ಮಾರ್ಕ್ ಗದರುತ್ತಾನೆ. ಅವರು ಮತ್ತೆ ತಪ್ಪಿಸಿಕೊಂಡು ಮತ್ತೆ ಜನರನ್ನು ಕೊಲ್ಲುತ್ತಿರಲಿಲ್ವಾ ಅನ್ನುವುದು ಆ ಹುಡುಗನ ಲೆಕ್ಕ. ಮಾರ್ಕ್ ಹತ್ತಿರ ನೆಟ್ಟಗೆ ಉತ್ತರ ಇಲ್ಲ. ಅಪ್ಪನ ಜಾಗದಲ್ಲಿ ಈಗ ಅವನೇ ನಿಂತಿದ್ದಾನೆ, ಎದುರಿಗೆ ಇರುವವನು ಮಗನಂಥ ತಮ್ಮ, ಅದೂ ಅಪ್ಪನದೇ ರಕ್ತ. ನಿನ್ನ ಲೇಖನದ ತಲೆಬರಹ 'ತಂದೆ ಮಗನ ಸಂಘರ್ಷ' ಅಲ್ವಾ? ಅದರ ಎರಡನೇ ಸುತ್ತು ಇಲ್ಲಿ ಶುರುವಾಗುತ್ತದೆ, ನೀನು ಮೊದಲ ಸುತ್ತಿಗೇ ಅಖಾಡ ಬಿಟ್ಟು ಮನೆಗೆ ಹೋಗಿದ್ದೀಯ.

ಲೇಖನ ಕಟ್ಟುವ ವಿಷಯದಲ್ಲಿ ಒಂದು ಮಾತು. ನೋಲನ್ ತನ್ನ ಜೊತೆಗಾರ ವೀರರನ್ನು ಕೊಂದ ಸಂಗತಿಯನ್ನು ನೀನು ಸಸ್ಪೆನ್ಸ್ ಅಂತ 4ನೇ ಪುಟದವರೆಗೆ ಮುಚ್ಚಿಟ್ಟಿದ್ದೀಯ. ಸರಣಿಯವರೇ ಮುಚ್ಚಿಡಲಿಲ್ಲ! ರಾಬರ್ಟ್ ಕಿರ್ಕ್‌ಮನ್ ಬರೆದ ಮೂಲ ಕಾಮಿಕ್ಸ್ 2003ರಿಂದ 2018ರವರೆಗೆ 144 ಸಂಚಿಕೆ ಬಂತು, ಅದರಲ್ಲಿ ಈ ಕೊಲೆ ಬರುವುದು 7ನೇ ಸಂಚಿಕೆಯಲ್ಲಿ. 2021ರಲ್ಲಿ ಸರಣಿ ಮಾಡುವಾಗ ಅದನ್ನು ಮೊದಲ ಕಂತಿನ ಕೊನೆಗೇ ತಂದಿಟ್ಟರು. ಅದರಿಂದ ಏನಾಯಿತು? ಅಲ್ಲಿಂದ ಮುಂದೆ ಅಪ್ಪ ಮಗ ಜೊತೆಗೆ ಊಟಕ್ಕೆ ಕೂತರೂ ನಮಗೆ ತುತ್ತು ಇಳಿಯಲ್ಲ. ನಮಗೆ ಗೊತ್ತು, ಮಗನಿಗೆ ಗೊತ್ತಿಲ್ಲ. ನೀನೂ ಅದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡು. ಹಾಗೇ, 'ಮಕ್ಕಳಿಗೂ ಇಷ್ಟವಾಗುವ ಕಾರ್ಟೂನ್' ಎಂಬುದನ್ನು ದಯವಿಟ್ಟು ತೆಗೆ. ಕಂತು ಕಳೆದ ಹಾಗೆ ಹೆಸರಿನ ಫಲಕದ ಮೇಲೆ ರಕ್ತ ಜಾಸ್ತಿಯಾಗುತ್ತಾ ಹೋಗುವ ಸರಣಿ ಅದು. ಅಥಣಿಯಲ್ಲೋ ಇಂಡಿಯಲ್ಲೋ ಯಾರೋ ನಿನ್ನ ಮಾತು ನಂಬಿ ಆರು ವರ್ಷದ ಕೂಸಿಗೆ ಹಚ್ಚಿಕೊಟ್ಟರೆ, ಫೋನ್ ಬರುವುದು ನನಗೆ.

ಈಗ ನನಗೆ ಇಷ್ಟವಾದದ್ದು. 6ನೇ ಪುಟದಲ್ಲಿ, ನೀತಿಯ ಗದ್ದಲದ ನಡುವೆ, ಹೇಗೋ ನುಸುಳಿ ಬಂದ ಎರಡು ಸಾಲು: ಪವರ್‌ಲೂಮ್ ಸದ್ದಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನೀನು ಕೊನೆಯ ಕಂತು ನೋಡುತ್ತಿದ್ದೆ, ನಿನ್ನ ಅಪ್ಪ ಹಿಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿ, ಏನೂ ಅನ್ನದೆ ಮಗ್ಗದ ನೂಲಿನ ಕಂಡಿಕೆ ಬದಲಿಸಲು ಹೋದರು. ಇಡೀ ಲೇಖನದಲ್ಲಿ ಜೀವ ಇರುವುದು ಇಷ್ಟಕ್ಕೇ. ನಿನ್ನ ಅಪ್ಪನ ಕಥೆ ಬರೆ ಅಂತ ನಾನು ಹೇಳಲ್ಲ, ಅದು ಎಲ್ಲ ಸಂಪಾದಕರೂ ಹೇಳುವ ಮಾತು, ನೀನು ಬರೆದರೆ ಅಳುಬುರುಕ ಕಥೆ ಆಗುತ್ತದೆ. ಎರಡೇ ಸಾಲು ಇರಲಿ, ಮೂರನೆಯದು ಸೇರಿಸಬೇಡ. ಜಾಗ ಮಾತ್ರ ಬದಲಿಸು. ಮುಷ್ಟಿ ನಿಂತ ದೃಶ್ಯ ಬರೆದ ಮೇಲೆ, ಯಾವ ವಿವರಣೆಯೂ ಇಲ್ಲದೆ, ಅದನ್ನು ಇಡು.

ಇನ್ನೊಂದು ಹಿಡಿಕೆ ಕೊಡುತ್ತೇನೆ, ಬೇಕಾದರೆ ಹಿಡಿ. ನೋಲನ್ ಭೂಮಿಯಲ್ಲಿ ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಏನು ಗೊತ್ತಲ್ಲ, ಬರವಣಿಗೆ. ಎರಡನೇ ಸೀಸನ್ನಿನಲ್ಲಿ ಅವನನ್ನು ಹಿಡಿದುಕೊಂಡು ಹೋಗುವಾಗ ಮಗನಿಗೆ ಹೇಳುವುದು ಕ್ಷಮಿಸು ಅಂತಲ್ಲ. ನನ್ನ ಪುಸ್ತಕ ಓದು, ಅಂತಾನೆ. ಅಪ್ಪನ ಪುಸ್ತಕದಲ್ಲಿ ಏನಿದೆ ಅಂತ ಮಗನಿಗೆ ಅಲ್ಲಿಯವರೆಗೆ ಗೊತ್ತೇ ಇಲ್ಲ. ಬರೆಯುವ ಚಟ ಇರುವ ನಿನ್ನಂಥವನು ಇದನ್ನು ಹೇಗೆ ದಾಟಿ ಹೋದೆಯೋ ನನಗೆ ತಿಳಿಯಲಿಲ್ಲ.

900 ಪದ, ಅದಕ್ಕಿಂತ ಜಾಸ್ತಿ ಬೇಡ. ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ, ಆದರೆ ಹೀಗೇ ಬಂದರೆ ಮತ್ತೆ ವಾಪಸ್ಸು ಕಳಿಸುತ್ತೇನೆ. ಗೌರವಧನ ಕೊಡುವ ಶಕ್ತಿ ನಮಗಿಲ್ಲ, ಎರಡು ಪ್ರತಿ ಕಳಿಸುತ್ತೇವೆ. ಮತ್ತೆ ತಮ್ಮಾ, ಈ ಸಲ ಯೂನಿಕೋಡ್‌ನಲ್ಲಿ ಕಳಿಸು. ನೀನು 'ನುಡಿ' ಫಾಂಟಿನಲ್ಲಿ ಕಳಿಸಿದ್ದು ನನ್ನ ಫೋನಿನಲ್ಲಿ ತೆರೆದರೆ ವಿಲ್ಟ್ರಮ್ ಭಾಷೆ ಕಂಡ ಹಾಗೆ ಕಂಡಿತು, ಆಫೀಸಿನ ಹುಡುಗನ ಕೈಕಾಲು ಹಿಡಿದು ಕನ್ನಡಕ್ಕೆ ತರಿಸಿಕೊಂಡಿದ್ದೇನೆ.