ಪ್ರತಿಕ್ರಿಯೆ: ಅಣ್ಣನ ಕುಡಿತ ಮನೆಯಲ್ಲೇ ಬಿಡಿಸಬಹುದಾ?

ದಿನಾ ಬೆಳಿಗ್ಗೆಯೇ ಕುಡಿಯುವ ಅಣ್ಣ ಈಗ ಬಿಡಲು ಒಪ್ಪಿದ್ದಾರೆ, ಮನೆಯಲ್ಲೇ ಕೂಡಿಹಾಕಿ ಬಿಡಿಸಬಹುದಾ, ಇಲ್ಲಾ ಕುಡಿತ ಬಿಡಿಸುವ ಸೆಂಟರ್‌ಗೆ ಸೇರಿಸಬೇಕಾ ಅಂತ ಕೇಳಿದ್ದೀರಿ.

ದಯವಿಟ್ಟು ಕೂಡಿಹಾಕಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಜ್ವರ, ಗೊಂದಲ, ಇಲ್ಲದ್ದೆಲ್ಲ ಕಾಣುವ ಸ್ಥಿತಿ ಬರುತ್ತದೆ. ಅದಕ್ಕೇ ಮೊದಲು ಆಸ್ಪತ್ರೆ. ಅಲ್ಲಿ ಮಾತ್ರೆಗಳಿಂದ ನಡುಕ ಹಿಡಿತಕ್ಕೆ ತಂದು, ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೇ ವಿಚಾರಿಸಿ, ಖರ್ಚು ಕಡಿಮೆ.

ಇಷ್ಟಕ್ಕೆ ಚಿಕಿತ್ಸೆ ಮುಗಿಯಲ್ಲ. ದೇಹದಿಂದ ಮದ್ಯ ಹೋದರೂ ಆಸೆ ಹೋಗಿರುವುದಿಲ್ಲ, ಅಲ್ವಾ? ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನುವ ಮಾತ್ರೆಗಳಿವೆ. ಯಾವುದು ಹೊಂದುತ್ತದೆ ಅನ್ನುವುದು ಲಿವರ್, ಕಿಡ್ನಿ ಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು. ಜೊತೆಗೆ ಕೌನ್ಸೆಲಿಂಗ್.

ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ ಅಂತ ಯಾರಾದರೂ ಮಾರಿದರೆ ಮುಟ್ಟಬೇಡಿ. ಅದರಲ್ಲಿ ಡೈಸಲ್ಫಿರಾಮ್, ಅಂದರೆ ಮದ್ಯದ ಜೊತೆ ಸೇರಿದರೆ ಮೈಗೆ ಆಗದ ಔಷಧಿ, ಇರಬಹುದು; ಹಾಗಿದ್ದು ಅಣ್ಣ ಅದರ ಮೇಲೆ ಕುಡಿದರೆ ಹೃದಯಕ್ಕೇ ಪೆಟ್ಟಾಗಬಹುದು.

ಖಾಸಗಿ ಸೆಂಟರ್ ಆದರೆ ರಾಜ್ಯದ ಲೈಸೆನ್ಸ್ ನೋಡಿ. ರಾತ್ರಿ ವೈದ್ಯರು ಸಿಗ್ತಾರಾ, ಮನೆಯವರು ಭೇಟಿ ಮಾಡಬಹುದಾ ಕೇಳಿ. ಹೊಡೆಯುವ, ಕಟ್ಟಿಹಾಕುವ ಜಾಗದ ಹತ್ತಿರವೂ ಹೋಗಬೇಡಿ. ನೂರಕ್ಕೆ ನೂರು ಗ್ಯಾರಂಟಿ ಅನ್ನುವವರನ್ನು ನಾನಂತೂ ನಂಬಲ್ಲ.

ಮದ್ಯದ ಜೊತೆ ನಿದ್ದೆ ಮಾತ್ರೆ ಅಥವಾ ಬೇರೆ ಡ್ರಗ್ಸ್ ಇದ್ದರೆ ಮೊದಲ ದಿನವೇ ವೈದ್ಯರಿಗೆ ಹೇಳಿಬಿಡಿ. ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ.